ಹದಿಮೂರನೇ ತಿಂಗಳಲ್ಲಿ ಇಳಿದೆ

ಮೂರು ದಿನದಿಂದ ಹಿಡಿದ ಮಳೆ ನಿನ್ನೆ ಸಂಜೆ ಸ್ವಲ್ಪ ಹೊಳವಾಯಿತು. ಪತ್ರೊಡೆಗೆ ನಾಲ್ಕು ಕೆಸುವಿನ ಎಲೆ ಕೊಯ್ಯೋಣವೆಂದು ಹಿತ್ತಲಿಗೆ ಇಳಿದರೆ, ದಾಸವಾಳದ ಬೇಲಿಯ ಆಚೆ ಪಕ್ಕದ ಮನೆಯವಳು ನಿಂತಿದ್ದಾಳೆ. ಕೈಯಲ್ಲಿ ಕತ್ತಿಯಿಲ್ಲ, ಬುಟ್ಟಿಯಿಲ್ಲ. ಇಪ್ಪತ್ತು ವರ್ಷದ ನೆರೆ ನಮ್ಮದು. ಆ ಹೆಂಗಸು ಬರಿಗೈಯಲ್ಲಿ ನಿಂತದ್ದನ್ನು ನಾನು ಕಂಡದ್ದಿಲ್ಲ.

"ಟಿಕೆಟ್ ಬಂತು ಅಕ್ಕಾ" ಅಂದಳು. "ಮುಂದಿನ ತಿಂಗಳು ಹದಿನಾಲ್ಕಕ್ಕೆ."

ಮಗಳ ವಿಷಯ. ನರ್ಸಿಂಗ್ ಓದಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ದುಡಿದ ಹುಡುಗಿ. ಈಗ ಒಂದು ವರ್ಷದ ಮಟ್ಟಿಗೆ ಸ್ವಯಂಸೇವಕಿಯಾಗಿ ಉಗಾಂಡಾಕ್ಕೆ ಹೊರಟಿದ್ದಾಳೆ. ಸಂಬಳ ಅಂತ ಇಲ್ಲ. ಇರೋಕೆ ಮನೆ, ಊಟಕ್ಕೂ ಕೈಖರ್ಚಿಗೂ ಒಂದಿಷ್ಟು ಕೊಡುತ್ತಾರೆ. ತಾಯಿಗೆ ನಿದ್ದೆ ಹೋಗಿ ವಾರವಾಗಿದೆ.

"ಸೇವೆ ಮಾಡೋದಾದ್ರೆ ಇಲ್ಲೇ ಬೇಕಾದಷ್ಟು ಇಲ್ವಾ ಅಕ್ಕಾ? ಕಡಲು ದಾಟಿಯೇ ಹೋಗಬೇಕಾ? ನೀವೊಂದು ಮಾತು ಹೇಳಿ ಅವಳಿಗೆ."

ಅಷ್ಟರಲ್ಲಿ ಹುಡುಗಿಯೇ ಬಂದಳು, ಎದೆಗೆ ಒಂದು ದಪ್ಪ ನೋಟ್‌ಬುಕ್ ಅವಚಿಕೊಂಡು. "ದೊಡ್ಡಮ್ಮಾ, ಅಲ್ಲಿಯ ನರ್ಸುಗಳಿಗೆ ಏನೇನು ಕಲಿಸಬೇಕು ಅಂತ ಎಲ್ಲ ಬರೆದಿಟ್ಟುಕೊಂಡಿದ್ದೇನೆ, ನೋಡಿ" ಅಂತ ಬೇಲಿಯ ಸಂದಿಯಿಂದ ಕೊಟ್ಟಳು. ಮುತ್ತಿನಂಥ ಅಕ್ಷರ. ತಿಂಗಳವಾರು ಪಟ್ಟಿ. ಮೊದಲನೇ ದಿನದಿಂದಲೇ ಪಾಠ ಶುರು.

ನೋಟ್‌ಬುಕ್ಕನ್ನು ಕೈಯಲ್ಲಿ ಹಿಡಿದುಕೊಂಡು ನಾನು ಸುಮಾರು ಹೊತ್ತು ಮಾತಾಡಲಿಲ್ಲ. ಹದಿನೈದು ವರ್ಷದ ಹಿಂದೆ ನನ್ನ ಟ್ರಂಕಿನಲ್ಲೂ ಇಂಥದ್ದೇ ಒಂದು ಇತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. 2010ರಲ್ಲಿ ನಿವೃತ್ತಿ. ಯಜಮಾನರು ತೀರಿಕೊಂಡು ಆಗ ನಾಲ್ಕು ವರ್ಷ. ಇಥಿಯೋಪಿಯಾದ ಶಿಕ್ಷಕರ ತರಬೇತಿ ಕಾಲೇಜೊಂದಕ್ಕೆ ಎರಡು ವರ್ಷ ಬರುತ್ತೀರಾ ಎಂದು ಸಂಸ್ಥೆಯೊಂದು ಕೇಳಿದಾಗ ಹೂಂ ಅಂದೆ. ಈ ವಯಸ್ಸಿನಲ್ಲಿ ಹೋಗುವುದೇ ಅಂತ ಮನೆಮಂದಿಯೆಲ್ಲ ಕೇಳಿದರು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ, ಪೀಸ್ ಕೋರ್ ಎಂಬ ಸ್ವಯಂಸೇವಕರ ಪಡೆ ಸೇರಿ ಮುಂಬೈ ಹತ್ತಿರದ ವಿಕ್ರೋಲಿಗೆ ನರ್ಸಾಗಿ ಬಂದು ಎರಡು ವರ್ಷದ ಹತ್ತಿರ ಇದ್ದರಲ್ಲ, ಅವರಿಗಿಂತ ನಾನು ಎಂಟು ವರ್ಷ ಚಿಕ್ಕವಳು ಅಂತ ಉತ್ತರ ಕೊಟ್ಟೆ. ಆಗ ಅವರ ಮಗ ಅಧ್ಯಕ್ಷನಾಗಿರಲಿಲ್ಲ. ಆಕೆ ಇಲ್ಲಿಗೆ ಬಂದಿಳಿದಾಗ ಬರಿಯ ಒಬ್ಬ ವಿಧವೆ, ಒಬ್ಬ ದಾದಿ. ನಮ್ಮ ದೇಶವೂ ಒಂದು ಕಾಲಕ್ಕೆ ಹೀಗೆ ಯಾರೋ ಟ್ರಂಕು ಹಿಡಿದು ಬಂದಿಳಿದ ಪರದೇಶವೇ ಆಗಿತ್ತು ಅನ್ನುವುದು ನಮಗೆ ನೆನಪಿರುವುದು ಕಡಿಮೆ.

ಮುಂಬೈಯಿಂದ ಐದಾರು ಗಂಟೆಯ ಹಾರಾಟ. ಆಡಿಸ್ ಅಬಾಬಾದ ಬೋಲೆ ನಿಲ್ದಾಣದಲ್ಲಿ ಇಳಿದಾಗ ಸೆಪ್ಟೆಂಬರ್ 8, ಬುಧವಾರ. ಆಫ್ರಿಕಾ ಅಂದರೆ ಸುಡುಬಿಸಿಲು ಅಂತ ಹತ್ತಿಸೀರೆ ಉಟ್ಟು ಹೋಗಿದ್ದೆ. ಅಲ್ಲಿ ನಮ್ಮ ಧನುರ್ಮಾಸದ ಬೆಳಗಿನಂಥ ಚಳಿ. ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂತು. ಆ ಊರು ಇರುವುದು ಸುಮಾರು 2,350 ಮೀಟರ್ ಎತ್ತರದಲ್ಲಿ. ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿ, ಇಡೀ ಕರ್ನಾಟಕದಲ್ಲೇ ಎತ್ತರದ್ದು, 1,930 ಮೀಟರ್. ಅದರ ತುದಿಗಿಂತಲೂ ಮೇಲೆ ಒಂದು ರಾಜಧಾನಿ. ಗಾಳಿಯಲ್ಲಿ ನೀಲಗಿರಿ ಸೌದೆಯ ಹೊಗೆಯ ವಾಸನೆ. ಮೆನೆಲಿಕ್ ದೊರೆಯ ಕಾಲದಲ್ಲಿ ತರಿಸಿ ನೆಟ್ಟ ಮರ ಅದು. ಅವರ ಭಾಷೆಯಲ್ಲಿ ಅದಕ್ಕೆ 'ಬಾಹಿರ್ ಜಾಫ್', ಕಡಲಾಚೆಯ ಮರ ಅಂತಲೇ ಹೆಸರು.

ವಸತಿಗೃಹದ ಗುಮಾಸ್ತೆ ರಿಜಿಸ್ಟರಿನಲ್ಲಿ ತಾರೀಖು ಬರೆದಳು. 2002, ಪಗುಮೆ 3. ತಪ್ಪು ಬರೆದಳೇನೋ ಅಂದುಕೊಂಡೆ. ಆಕೆ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಅವರ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡಕ್ಕೂ ಸಮನಾಗಿ ಮೂವತ್ತು ದಿನ. ಉಳಿದ ಐದು ದಿನ, ನಾಲ್ಕು ವರ್ಷಕ್ಕೊಮ್ಮೆ ಆರು, ಸೇರಿಸಿ ಕೊನೆಗೆ ಒಂದು ಪುಟ್ಟ ತಿಂಗಳು. ಅದೇ ಪಗುಮೆ. ಲೆಕ್ಕ ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದೆ. ನಾನು ಇಳಿದದ್ದು ಆ ಹದಿಮೂರನೇ ತಿಂಗಳಲ್ಲಿ. ಅಧಿಕಮಾಸ ಗೊತ್ತಿರುವ ನಮಗೆ ಇದು ಅಷ್ಟು ಹೊಸತಾಗಬಾರದು. ಆ ವರ್ಷವೇ ನಮ್ಮಲ್ಲಿ ಅಧಿಕ ವೈಶಾಖ ಬಂದಿತ್ತು. ಆದರೂ ಕಾಲದ ಲೆಕ್ಕವೇ ಬೇರೆಯಾದ ಊರಿನಲ್ಲಿ ನಿಂತಿದ್ದೇನೆ ಅನ್ನುವುದು ಮೈಗೆ ಇಳಿಯಲು ಹೊತ್ತು ಹಿಡಿಯಿತು.

ಅವತ್ತು ಮಧ್ಯಾಹ್ನ ಊಟದ ಭಯ. ಮಾಂಸ ಮುಟ್ಟದವಳು ನಾನು. ಒಂದು ಮಾತೂ ಕೇಳದೆ ಆ ಗುಮಾಸ್ತೆ ಹುಡುಗಿ ತಂದಿಟ್ಟ ತಟ್ಟೆಯಲ್ಲಿ ದೊಡ್ಡದೊಂದು ದೋಸೆಯಂಥದ್ದು, ಅದರ ಮೇಲೆ ಬೇಳೆ, ಸೊಪ್ಪು, ಕೋಸು, ಬೀಟ್‌ರೂಟು ಗುಂಪುಗುಂಪಾಗಿ. ಬುಧವಾರ ಮತ್ತು ಶುಕ್ರವಾರ ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸದ ದಿನ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇಲ್ಲ. ಈಸ್ಟರಿಗೆ ಮುಂಚೆ ಸತತ 55 ದಿನ ಹಾಗೆಯೇ. ನನ್ನ ಊಟದ ಚಿಂತೆಯನ್ನು ಆ ದೇಶ ನಾನು ಹುಟ್ಟುವ ಎಷ್ಟೋ ಶತಮಾನ ಮೊದಲೇ ಕಳೆದಿಟ್ಟಿತ್ತು.

ನಾಲ್ಕನೇ ದಿನ, ಸೆಪ್ಟೆಂಬರ್ 11. ಇಲ್ಲಿ ಗಣೇಶ ಚೌತಿ. ಅಲ್ಲಿ ಅದೇ ದಿನ ಹೊಸ ವರ್ಷ, 2003. ಮಳೆಗಾಲ ಮುಗಿದು ಗುಡ್ಡವೆಲ್ಲ ಹಳದಿ ಹೂವು ಬಿಡುವ ಹೊತ್ತು. ಬಿಳಿ ಬಟ್ಟೆ ತೊಟ್ಟ ಚಿಕ್ಕ ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಬಂದು ಹೂವಿನ ಕಟ್ಟು ಕೊಡುತ್ತಾರೆ. ನನ್ನ ಬಾಗಿಲಿಗೂ ಬಂದರು. ಕೊಡಲು ನನ್ನ ಕೈಯಲ್ಲಿ ಚಿಲ್ಲರೆ ಇರಲಿಲ್ಲ. ಹೂವು ಕೊಟ್ಟೇ ಹೋದರು. ಮನೆಯಲ್ಲಿ ಮೊಮ್ಮಕ್ಕಳು ಗಣಪತಿಯ ಮುಂದೆ ಇರುತ್ತಾರೆ ಅಂತ ನೆನೆದು ಆ ಹೂವನ್ನು ನೀರಿನ ಲೋಟದಲ್ಲಿ ಇಟ್ಟು ಕುಳಿತೆ.

ನನ್ನ ಕೆಲಸದ ಊರು ಬಾಹಿರ್ ದಾರ್. ತಾನಾ ಸರೋವರದ ದಡ, ನೀಲಿ ನೈಲ್ ಹುಟ್ಟುವ ಜಾಗ. ಬಸ್ಸಿನಲ್ಲಿ ಇಡೀ ದಿನದ ದಾರಿ. ನಡುವೆ ಆ ನದಿಯ ಕೊರಕಲು. ಆಗುಂಬೆ ಘಾಟಿಯಂಥದ್ದನ್ನು ಇಳಿದು, ತಳದಲ್ಲಿ ಜಪಾನಿನ ನೆರವಿನಿಂದ 2008ರಲ್ಲಿ ಆದ ಸೇತುವೆ ದಾಟಿ, ಮತ್ತೆ ಅಷ್ಟೇ ಘಾಟಿ ಹತ್ತಬೇಕು. ಬಸ್ಸಿನಿಂದ ಇಳಿದ ಕೂಡಲೇ ಕಿವಿಗೆ ಬಿದ್ದದ್ದು "ಬಜಾಜ್! ಬಜಾಜ್!" ಅನ್ನುವ ಕೂಗು. ನಮ್ಮ ಆಟೊಗೆ ಅಲ್ಲಿ ಅದೇ ಹೆಸರು. ಅಪರಿಚಿತರ ನಡುವೆ ಊರಿನವರು ಯಾರೋ ಕರೆದಂತಾಯಿತು.

ಕೊಡುತ್ತೇವೆ ಅಂದಿದ್ದ ಮನೆ ಸಿದ್ಧವಾಗಿರಲಿಲ್ಲ. ಬೀಗದ ಕೈ ಯಾರ ಹತ್ತಿರವಿದೆ ಅನ್ನುವುದೂ ಯಾರಿಗೂ ಗೊತ್ತಿರಲಿಲ್ಲ. ಸಂಜೆಯಾಗುತ್ತ ಬಂತು. ಕಾಲೇಜಿನ ಕಾವಲುಗಾರ ತನ್ನ ಅತ್ತೆಯ ಮನೆಯಂಗಳದಲ್ಲಿ ಒಂದು ಕೋಣೆ ಇದೆ ಅಂತ ಕರೆದುಕೊಂಡು ಹೋದ. ತಗಡಿನ ಮಾಡು, ಮಣ್ಣಿನ ಗೋಡೆ, ಅಂಗಳದಲ್ಲಿ ಹಳದಿ ಜೆರ್ರಿ ಕ್ಯಾನುಗಳ ಸಾಲು. ನಲ್ಲಿಯಲ್ಲಿ ನೀರು ಬಂದಾಗ ಹಿಡಿದಿಟ್ಟುಕೊಳ್ಳಬೇಕು. ನನ್ನದೇ ವಯಸ್ಸಿನ ಆ ಮನೆಯಾಕೆ ನನ್ನ ಟ್ರಂಕನ್ನು ಒಂದು ಕಡೆ ತಾನೇ ಹಿಡಿದು ಎತ್ತಿದಳು. ಹೊಸಿಲು ಎಡವಿದೆ. "ಅಯ್ಜೋಶ್" ಅಂದಳು. ಏನೂ ಆಗಿಲ್ಲ, ಧೈರ್ಯ ತಗೋ ಅನ್ನುವ ಮಾತು. ದಾರಿಯಲ್ಲಿ ಎಡವಿದರೂ ಗುರುತಿಲ್ಲದವರು ಹಾಗೆ ಅನ್ನುತ್ತಾರೆ. ಅಲ್ಲಿ ನಾನು ಕಲಿತ ಮೊದಲನೇ ಮಾತು ಅದು. ಹತ್ತು ದಿನಕ್ಕೆ ಅಂತ ಒಳಗೆ ಕಾಲಿಟ್ಟ ಮನೆಯಲ್ಲಿ ಎರಡು ವರ್ಷ ಇದ್ದೆ.

ಇನ್ನು ಕೆಲಸ. ಮೂರು ವಾರ ಕೆಲಸವೇ ಇಲ್ಲ. ವಿದ್ಯಾರ್ಥಿಗಳು ಬರುವುದು ಹಬ್ಬ ಕಳೆದ ಮೇಲೆ. ದಿನಾ ಬೆಳಗ್ಗೆ ಸೀರೆ ಉಟ್ಟು ಕಾಲೇಜಿಗೆ ಹೋಗುವುದು, ಬೀಗ ಹಾಕಿದ ಬಾಗಿಲು ನೋಡಿ ಬರುವುದು. ರಾತ್ರಿ ಕರೆಂಟು ಹೋದರೆ ಮೇಣದ ಬತ್ತಿ ಹಚ್ಚಿ, ನನ್ನ ಪಾಠದ ಪುಸ್ತಕ ಬಿಚ್ಚಿ, ಯಾಕೆ ಬಂದೆ ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಈ ಹುಡುಗಿಗೆ ನಾನು ಹೇಳಬೇಕೆಂದಿದ್ದು ಆ ಮೂರು ವಾರದ ಸಂಗತಿಯನ್ನೇ. ಅಲ್ಲಿಗೆ ಹೋದವರಲ್ಲಿ ಹಲವರು ಮುರಿದುಬೀಳುವುದು ರೋಗಕ್ಕಲ್ಲ, ಊಟಕ್ಕಲ್ಲ. ಯಾರಿಗೂ ಬೇಡವಾಗಿ ಕುಳಿತ ಆ ಮೊದಲ ವಾರಗಳಲ್ಲಿ.

ಹೊಸ ಸೊಸೆಯಾಗಿ ಈ ಮನೆಗೆ ಬಂದಾಗ ನಾನು ಬಿ.ಎಸ್ಸಿ. ಓದಿದವಳು. ಅಡುಗೆಮನೆಯಲ್ಲಿ ಉಪ್ಪಿನ ಮರಿಗೆ ಎಲ್ಲಿದೆ ಅಂತ ಗೊತ್ತಿಲ್ಲ. ಏನು ಮಾಡಲಿ ಅತ್ತೆ, ಏನು ಮಾಡಲಿ ಅಂತ ಕೇಳಿ ಕೇಳಿ ಸಾಕು ಮಾಡಿದ್ದೆ. "ಸುಮ್ಮನೆ ಕೂತು ನೋಡೇ, ಮನೆ ತಾನಾಗಿ ಹೇಳ್ತದೆ" ಅಂದಿದ್ದರು ನಮ್ಮತ್ತೆ. ನಲವತ್ತು ವರ್ಷದ ಹಿಂದಿನ ಆ ಮಾತು ಬಾಹಿರ್ ದಾರ್‌ನ ಅಂಗಳದಲ್ಲಿ ನೆನಪಾಯಿತು. ಮರುದಿನದಿಂದ ಕಾಲೇಜಿಗೆ ಹೋಗುವುದನ್ನು ಬಿಟ್ಟೆ. ಮನೆಯಾಕೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತೆ.

ಆಕೆ ಇಂಜೆರಾಕ್ಕೆ, ಅದೇ ಆ ದೋಸೆಯಂಥದ್ದಕ್ಕೆ, ಹಿಟ್ಟು ಕಲಸುವುದನ್ನು ನೋಡಿದೆ. ತೆಫ್ ಅಂತ ಧಾನ್ಯ, ನಮ್ಮ ರಾಗಿಗಿಂತಲೂ ಎಷ್ಟೋ ಸಣ್ಣದು. ಹಿಂದಿನ ಸಲದ ಹುಳಿನೀರನ್ನು ಹೆಪ್ಪಿನ ಹಾಗೆ ಎತ್ತಿಟ್ಟಿರುತ್ತಾಳೆ, ಅದನ್ನು ಹಾಕಿ ಎರಡು ಮೂರು ದಿನ ಹುಳಿ ಬರಿಸಬೇಕು. ಅಗಲವಾದ ಮಣ್ಣಿನ ಹೆಂಚಿನ ಮೇಲೆ ಅಂಚಿನಿಂದ ಸುತ್ತುತ್ತ ಒಳಗೆ ಹೊಯ್ದು ಮುಚ್ಚಿಟ್ಟರೆ ಒಂದೇ ಮಗ್ಗುಲು ಬೇಯುತ್ತದೆ, ಮೇಲೆ ನೂರಾರು ತೂತು ಬೀಳುತ್ತವೆ. ಅವನ್ನು ಕಣ್ಣು ಅನ್ನುತ್ತಾರೆ. ಕಣ್ಣು ಬಿಡದ ಇಂಜೆರಾ ಒಳ್ಳೆಯದಲ್ಲ. ಜೊತೆಗೆ ಶಿರೊ, ಕಡಲೆಹಿಟ್ಟಿನದು, ಖಾರದ್ದು. ಉತ್ತರ ಕರ್ನಾಟಕದವರು ತಿಂದರೆ ಜುಣಕ ಅಂತಲೇ ಅನ್ನುತ್ತಾರೆ. ನಾನು ಏನಾದರೂ ಹೇಳಿದಾಗೆಲ್ಲ ಆಕೆ ಬಾಯಿ ತೆರೆದು ಗಕ್ಕನೆ ಉಸಿರು ಒಳಗೆಳೆಯುತ್ತಿದ್ದಳು. ಎದೆನೋವೇನೋ ಅಂತ ನಾಲ್ಕು ದಿನ ನನಗೆ ಆತಂಕ. ಆಮೇಲೆ ಗೊತ್ತಾಯಿತು, ಅದು ಅವರ 'ಹೂಂ'. ನಾವು ಹೂಂಗುಟ್ಟಲು ಉಸಿರು ಬಿಡುತ್ತೇವೆ, ಅವರು ಎಳೆದುಕೊಳ್ಳುತ್ತಾರೆ.

ಕಾಫಿಯ ಕಥೆಯನ್ನಂತೂ ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯವರಿಗೆ ಕಾಫಿ ಅಂದರೆ ನಮ್ಮದು. ಬಾಬಾ ಬುಡನ್ ಅವರು ಯೆಮೆನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣದ ಗುಡ್ಡದಲ್ಲಿ ಬಿತ್ತಿದರು ಅಂತ ಶಾಲೆಯಲ್ಲೇ ಕೇಳಿ ಬೆಳೆದಿದ್ದೇವೆ. ಯೆಮೆನ್ನಿಗೆ ಆ ಬೀಜ ಹೋದದ್ದು ಇಥಿಯೋಪಿಯಾದ ಕಾಡಿನಿಂದ. ಅಂದರೆ ನಮ್ಮ ಕಾಫಿಯ ತವರುಮನೆಗೆ ನಾನು ಹೋಗಿದ್ದೆ. ಅಂಗಳದಲ್ಲಿ ಹಸಿ ಹುಲ್ಲು ಹಾಸಿ, ಸಾಂಬ್ರಾಣಿ ಹಾಕಿ, ಮನೆಯಾಕೆ ಕೆಂಡದ ಮುಂದೆ ಕೂರುತ್ತಾಳೆ. ಹಸಿರು ಬೀಜ ತೊಳೆದು, ಕಣ್ಣೆದುರೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆ ಹಿಡಿಯುತ್ತಾಳೆ. ನಾವು ಮಂಗಳಾರತಿ ತೆಗೆದುಕೊಂಡಂತೆ ಕೈಯಿಂದ ಆ ಹೊಗೆಯನ್ನು ಮುಖಕ್ಕೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟುವುದು, ಜೆಬೆನಾ ಅನ್ನುವ ಕತ್ತುದ್ದದ ಮಣ್ಣಿನ ಹೂಜಿಯಲ್ಲಿ ಕುದಿಸುವುದು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಮೇಲಿನಿಂದ ಬಗ್ಗಿಸುವುದು. ಜೊತೆಗೆ ಜೋಳದ ಅರಳು. ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೇ ಸಲ, ಮತ್ತೆ ಮೂರನೇ ಸಲ. ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದು ಬರಕಾ. ಬರಕಾ ಅಂದರೆ ಆಶೀರ್ವಾದ.

ಮೊದಲನೇ ಸಲ ಒಂದು ಬಟ್ಟಲು ಕುಡಿದು, ಪಾಠದ ತಯಾರಿ ಇದೆಯೆಂದು ಎದ್ದೆ. ಮನೆಯಾಕೆ ಕೈ ಹಿಡಿದು ಕೂರಿಸಿದಳು. ಆ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಯಾರ ಮಗನಿಗೆ ಜ್ವರ, ಯಾವ ಶಾಲೆಯಲ್ಲಿ ಮೇಷ್ಟ್ರಿಲ್ಲ, ಯಾವ ಹುಡುಗಿ ಓದು ಬಿಟ್ಟಳು, ಯಾಕೆ ಬಿಟ್ಟಳು, ಎಲ್ಲ ಆ ಮೂರು ಬಟ್ಟಲುಗಳ ನಡುವೆ. ನನಗೆ ಕೊಟ್ಟಿದ್ದ ದಪ್ಪ ವರದಿಯಲ್ಲಿ ಇಲ್ಲದ್ದೆಲ್ಲ ಅಲ್ಲಿತ್ತು. ಭಾಷೆ ಅರ್ಧ ತಿಳಿಯುವ ಮೊದಲೇ ನನಗೆ ಆ ಬೀದಿ ಅರ್ಧ ತಿಳಿದಿತ್ತು.

ಬೇಲಿಯಾಚೆಯವಳು ಮಧ್ಯೆ ಬಾಯಿ ಹಾಕಿದಳು. "ಅಲ್ಲ ಅಕ್ಕಾ, ಅವರ ಕೈಯಡುಗೆ, ಅವರ ತಟ್ಟೆ... ನಿಮಗೆ ಹೇಗೆ ಆಯ್ತು?"

ಆ ಪ್ರಶ್ನೆ ಬರಬೇಕಾದದ್ದೇ. ನಾನು ಎಂಜಲು ಮುಸುರೆಯ ಮನೆಯಲ್ಲಿ ಬೆಳೆದವಳು. ನಮ್ಮಜ್ಜಿ ನೀರನ್ನು ಕೂಡ ಲೋಟ ಎತ್ತಿಯೇ ಕುಡಿಯಬೇಕು ಅನ್ನುತ್ತಿದ್ದರು. ಅಲ್ಲಿ ಒಂದೇ ದೊಡ್ಡ ಹರಿವಾಣ, ಸುತ್ತ ನಾಲ್ಕೈದು ಜನ, ಎಲ್ಲರ ಕೈಯೂ ಅದರಲ್ಲೇ. ಊಟದ ಹೊತ್ತಿಗೆ ಯಾರು ಬಂದರೂ "ಇನಿಬ್ಲಾ", ಬನ್ನಿ ಉಣ್ಣೋಣ ಅನ್ನುತ್ತಾರೆ. ನನಗೆ ಒಂದು ವಾರ ಬೇರೆ ತಟ್ಟೆ ಇಟ್ಟರು. ನಾನು ಕೇಳಿರಲಿಲ್ಲ, ನನ್ನ ಮುಖ ಓದಿಕೊಂಡಿದ್ದರು. ಸೆಪ್ಟೆಂಬರ್ 27ರ ಮೆಸ್ಕೆಲ್ ಹಬ್ಬದ ದಿನ ಮಾತ್ರ ನಾನೇ ಹೋಗಿ ಹರಿವಾಣದ ಹತ್ತಿರ ಕುಳಿತೆ. ಮನೆಯ ಮೊಮ್ಮಗಳು ಚೊಂಬಿನಿಂದ ಕೈಗೆ ನೀರು ಹಾಕಿದಳು. ಮನೆಯಾಕೆ ಇಂಜೆರಾದ ತುಂಡೊಂದನ್ನು ಹರಿದು, ಶಿರೊದಲ್ಲಿ ಅದ್ದಿ, ಸುತ್ತಿ, ನನ್ನ ಬಾಯಿಯ ಹತ್ತಿರ ಹಿಡಿದಳು. ಗುರ್ಶಾ ಅನ್ನುತ್ತಾರೆ ಅದಕ್ಕೆ. ಪ್ರೀತಿ ಇದ್ದವರಿಗೆ, ಗೌರವ ಇದ್ದವರಿಗೆ ಕೊಡುವುದು. ಬೇಡ ಅನ್ನುವ ಹಾಗಿಲ್ಲ.

ಆ ಕೈಯನ್ನು ನಾನು ನೋಡಿದೆ. ಬೆರಳ ಗೆಣ್ಣಿಗೆ ಹಿಟ್ಟು ಒಣಗಿತ್ತು. ಹೆಬ್ಬೆರಳಿನ ಮೇಲೆ ಕೆಂಡ ತಾಗಿದ ಹಳೆಯ ಕಲೆ. ನಮ್ಮಮ್ಮನ ಕೈಯಲ್ಲೂ ಅದೇ ಜಾಗದಲ್ಲಿ ಅಂಥದ್ದೊಂದು ಕಲೆ ಇತ್ತು. ಬಾಯಿ ತೆರೆದೆ. ನಮ್ಮಲ್ಲಿ ಕೈತುತ್ತು ಅಂದರೆ ತಾಯಿ ಮಗುವಿಗೆ ಕೊಡುವುದು. ಅಮ್ಮ ಹೋದ ಮೇಲೆ ನನಗೆ ಯಾರೂ ಕೈತುತ್ತು ಕೊಟ್ಟಿರಲಿಲ್ಲ. ಅರವತ್ತು ವರ್ಷಕ್ಕೆ, ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಹೆಂಗಸೊಬ್ಬಳ ಕೈಯಿಂದ ಅದು ಮತ್ತೆ ಸಿಕ್ಕಿತು. ಕಣ್ಣಲ್ಲಿ ನೀರು ಬಂದಿತ್ತು, ಖಾರಕ್ಕೆ ಅಂದುಕೊಂಡು ಮೊಮ್ಮಗಳು ನೀರು ತಂದುಕೊಟ್ಟಳು.

ಕೊಡಲು ಅಂತ ಹೋದವಳಿಗೆ ಮೊದಲು ತೆಗೆದುಕೊಳ್ಳಲು ಬರಬೇಕು. ತೆಗೆದುಕೊಳ್ಳಲು ಬಾರದವರ ಕೈಯಿಂದ ಅಲ್ಲಿಯ ಜನ ಏನನ್ನೂ ಮನಸಾರೆ ತೆಗೆದುಕೊಳ್ಳುವುದಿಲ್ಲ; ಯಾಕೆ ತೆಗೆದುಕೊಳ್ಳಬೇಕು? ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ಆ ನೋಟ್‌ಬುಕ್ಕಿನ ಮೊದಲ ಹತ್ತು ಹಾಳೆ ಖಾಲಿ ಬಿಡು ಕೂಸೇ. ಅವರು ನಿನಗೆ ಕಲಿಸಿದ್ದನ್ನು ಅದರಲ್ಲಿ ಬರಿ."

ಆ ಮೊಮ್ಮಗಳು ನನ್ನ ಗುರು. ಒಂದನೇ ತರಗತಿ. ಸಂಜೆ ತನ್ನ ಸ್ಲೇಟು ತಂದು ಪಕ್ಕದಲ್ಲಿ ಕೂತು ದೊಡ್ಡ ದನಿಯಲ್ಲಿ ಓದುವಳು: ಹ, ಹು, ಹಿ, ಹಾ, ಹೇ, ಹ್, ಹೊ. ಲ, ಲು, ಲಿ, ಲಾ, ಲೇ, ಲ್, ಲೊ. ಎರಡು ಸಾಲು ಕೇಳುವಷ್ಟರಲ್ಲಿ ನಾನು ನೆಟ್ಟಗೆ ಕೂತೆ. ಇದು ಕಾಗುಣಿತ! ಅಮ್ಹಾರಿಕ್ ಭಾಷೆಯ ಫಿದೆಲ್ ಲಿಪಿಯಲ್ಲಿ ಒಂದೊಂದು ವ್ಯಂಜನಕ್ಕೂ ಏಳು ರೂಪ. ಮೂಲ ಅಕ್ಷರಕ್ಕೆ ಬಾಲ, ಕೊಂಬು, ಸುಳಿ ಸೇರಿಸಿ ಸ್ವರ ಬದಲಿಸುತ್ತಾರೆ, ನಾವು ಕೊಂಬು, ಏತ್ವ ಕೊಟ್ಟ ಹಾಗೇ. ಮೂವತ್ತಮೂರು ಮೂಲಾಕ್ಷರ. ಎಬಿಸಿಡಿಯಿಂದ ಬಂದ ಬೇರೆ ಸ್ವಯಂಸೇವಕರು ಇನ್ನೂರಕ್ಕೂ ಹೆಚ್ಚು ಚಿತ್ರ ಬಾಯಿಪಾಠ ಮಾಡಬೇಕಲ್ಲ ಅಂತ ತಲೆಗೆ ಕೈಹೊತ್ತಿದ್ದರು. ಕನ್ನಡ ಶಾಲೆಯಲ್ಲಿ ಓದಿದ ನನಗೆ ಆ ಗೋಡೆಯ ಪಟ್ಟಿ ನೋಡಿದ ಕೂಡಲೇ ದಾರಿ ಕಾಣಿಸಿತು. ವಾಕ್ಯವೂ ಹಾಗೆಯೇ. 'ನಾನು ನೀರು ಕುಡಿದೆ' ಅನ್ನುವುದಕ್ಕೆ 'ಎನೆ ವುಹಾ ತೆತ್ತಾಹು'. ಮೊದಲು ನಾನು, ಆಮೇಲೆ ನೀರು, ಕೊನೆಗೆ ಕ್ರಿಯಾಪದ. ಹಿರಿಯರಿಗೆ ಬಹುವಚನದ ಮರ್ಯಾದೆ. ಹೆಸರಿನ ಮುಂದೆ ಅಪ್ಪನ ಹೆಸರು, ಮನೆತನದ ಹೆಸರೆಂಬುದಿಲ್ಲ, ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ಈ ಕೊನೆಯದು ನನಗೆ ತುಂಬ ಹಿಡಿಸಿತು.

ಗಡಿಯಾರ ಮಾತ್ರ ನನಗೆ ಪೆಟ್ಟು ಕೊಟ್ಟಿತು. ಕಾಲೇಜು ಶುರುವಾಗಿ ನಾಲ್ಕನೇ ದಿನ, ನಾಳೆ ಮೂರು ಗಂಟೆಗೆ ಸಭೆ, ಶಿಕ್ಷಕರೆಲ್ಲ ನಿಮ್ಮ ಮಾತು ಕೇಳಲು ಬರುತ್ತಾರೆ ಅಂತ ಜವಾನ ಅಮ್ಹಾರಿಕ್‌ನಲ್ಲಿ ಹೇಳಿದ. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಹೋದೆ. ಸಭಾಂಗಣ ಖಾಲಿ, ಕುರ್ಚಿಗಳು ಮಾತ್ರ ಸಾಲಾಗಿದ್ದವು. ಅಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅಂದರೆ ಅವರಿಗೆ ಒಂದು ಗಂಟೆ. ಅವರ ಮೂರು ನಮ್ಮ ಒಂಬತ್ತು. ಇಪ್ಪತ್ತು ಜನ ಬೆಳಗ್ಗೆ ಬಂದು, ಒಂದೂವರೆ ಗಂಟೆ ಕಾದು, ಹೋಗಿದ್ದರು. ಅವರಲ್ಲಿ ಕೆಲವರು ಹಳ್ಳಿಯಿಂದ ನಡೆದು ಬಂದವರು. ಮರುದಿನ ಒಬ್ಬೊಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳಿದೆ. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮಜ್ಜನಿಗೆ ಆ ಗಡಿಯಾರ ಹೇಳಿಕೊಡಬೇಕಾಗಿರಲಿಲ್ಲ. "ಉಗಾಂಡಾದಲ್ಲೂ ಲುಗಾಂಡಾ ಭಾಷೆಯಲ್ಲಿ ಹೊತ್ತು ಹೇಳುವಾಗ ಇದೇ ಲೆಕ್ಕ. ಔ‍ಷಧಿ ಕೊಡುವ ಹೊತ್ತನ್ನು ಯಾರಾದರೂ ಬಾಯಿಮಾತಲ್ಲಿ ಹೇಳಿದರೆ ಎರಡು ಸಲ ಕೇಳು" ಅಂದೆ. ಹುಡುಗಿ ತಕ್ಷಣ ಬರೆದುಕೊಂಡಳು.

ಪಾಠ ಹೇಗಾಯಿತು ಅಂತ ಕೇಳಿದಳು. ಚೆನ್ನಾಗಿ ಆಯಿತು, ನನ್ನ ಟ್ರಂಕಿನಲ್ಲಿದ್ದದ್ದರಿಂದ ಅಲ್ಲ. ನಾನು ಹೊತ್ತೊಯ್ದ ಪ್ಲಾಸ್ಟಿಕ್ ಆಕೃತಿಗಳು ಆ ಜಿಲ್ಲೆಯ ಯಾವ ಹಳ್ಳಿಶಾಲೆಯಲ್ಲೂ ಸಿಗುವಂಥವಲ್ಲ, ಆಮೇಲೆ ಅವುಗಳಿಂದ ಏನು ಪ್ರಯೋಜನ? ಒಬ್ಬ ಯುವ ಅಧ್ಯಾಪಕ ತನ್ನ ತಾಯಿ ಹೆಣೆದ ಮೆಸೋಬ್ ತಂದಿಟ್ಟ. ಇಂಜೆರಾ ಇಡುವ ಹುಲ್ಲಿನ ಬುಟ್ಟಿಮೇಜು ಅದು. ಅದರ ಮೇಲೆ ಬಣ್ಣದ ಹುಲ್ಲಿನಲ್ಲಿ ನಕ್ಷತ್ರ, ತ್ರಿಕೋನ, ಸುತ್ತುಸುತ್ತು ವೃತ್ತ. ಸಮಮಿತಿ, ಕೋನ, ಭಿನ್ನರಾಶಿ, ಎಲ್ಲವನ್ನೂ ಆತ ಆ ಬುಟ್ಟಿಯಿಂದಲೇ ಹೇಳಿಕೊಟ್ಟ. ಮೂವತ್ತೈದು ವರ್ಷ ಗಣಿತ ಹೇಳಿದ ನಾನು ಕೊನೆಯ ಬೆಂಚಿನಲ್ಲಿ ಕೂತು ನೋಟ್ಸ್ ಮಾಡಿಕೊಂಡೆ. ನಾನು ಮಾಡಿದ್ದು ಆತನ ಪಾಠವನ್ನು ಉಳಿದ ಅಧ್ಯಾಪಕರು ನೋಡುವಂತೆ ಏರ್ಪಾಟು ಮಾಡಿದ್ದು, ಅದನ್ನು ಬರೆದಿಡಿಸಿದ್ದು. ಆ ಕೆಲಸದ ಬಗ್ಗೆ ನನಗೆ ಇವತ್ತಿಗೂ ಸಮಾಧಾನವಿದೆ.

ಈ ಮಾತಿನ ನಡುವೆ ಹುಡುಗಿ ತನ್ನ ಸ್ನೇಹಿತೆಯರ ವಿಷಯ ಎತ್ತಿದಳು. ಯಾರೋ ದುಡ್ಡು ಕಟ್ಟಿ ಎರಡು ವಾರಕ್ಕೆ ಹೊರದೇಶದ ಅನಾಥಾಲಯಕ್ಕೆ ಹೋಗಿ ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಬಂದರಂತೆ. ಅದು ನನಗೆ ಸೇರುವುದಿಲ್ಲ, ಮುಚ್ಚಿಟ್ಟು ಹೇಳುವುದೂ ಇಲ್ಲ. ಕಾಂಬೋಡಿಯಾದಲ್ಲಿ, ನೇಪಾಳದಲ್ಲಿ ಅಪ್ಪ ಅಮ್ಮ ಬದುಕಿರುವ ಮಕ್ಕಳನ್ನೇ ಅನಾಥಾಲಯಕ್ಕೆ ಸೇರಿಸಿ ಪರದೇಶದವರ ದುಡ್ಡು ಎಳೆಯುವ ದಂಧೆ ನಡೆದದ್ದು ಬೆಳಕಿಗೆ ಬಂದಿದೆ. ಎರಡು ವಾರಕ್ಕೊಬ್ಬರು ಎತ್ತಿ ಮುದ್ದಿಸಿ ಬಿಟ್ಟುಹೋದರೆ ಆ ಮಗುವಿನ ಮನಸ್ಸು ಏನಾಗಬೇಕು? ಅಲ್ಲಿಯವರು ಕೇಳಿದ ಕೆಲಸ ಇರಬೇಕು, ಆ ಕೆಲಸ ನಮಗೆ ನಿಜವಾಗಿ ಬರಬೇಕು, ಸಾಕಷ್ಟು ದಿನ ಇರಬೇಕು. ಈ ಹುಡುಗಿಗೆ ಮೂರೂ ಇವೆ. ಅದಕ್ಕೇ ನಾನು ಅವಳ ಪರ.

"ಹಂಗಾದ್ರೆ ಇಲ್ಲಿ ಬೇಡ್ವಾ ಅಕ್ಕಾ ಸೇವೆ?" ಅಂತ ತಾಯಿ ಮತ್ತೆ ಅಲ್ಲಿಗೇ ಬಂದಳು. ಬೇಕು ಮಾರಾಯ್ತಿ, ಬೇಡ ಅಂದವರು ಯಾರು? ಆದರೆ ಅಲ್ಲಿಯ ಅಂಚೆ ಕಚೇರಿಯಲ್ಲಿ ಒಬ್ಬ ಮುದುಕರು ನನ್ನ ಸೀರೆ ನೋಡಿ ಎದ್ದು ನಿಂತು ಕೈ ಮುಗಿದರು. "ಅಸ್ತೆಮಾರಿ?" ಅಂದರು, ಟೀಚರಾ ಅಂತ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಆ ದೇಶದ ಶಾಲೆಶಾಲೆಗಳಲ್ಲಿ ಭಾರತದ ಮೇಷ್ಟ್ರುಗಳಿದ್ದರು. ಬೆಟ್ಟದ ಮೇಲಿನ ಸಣ್ಣ ಊರುಗಳಿಗೂ ಸಂಸಾರ ಸಮೇತ ಹೋಗಿ ಇದ್ದರು. ಆ ಮುದುಕರಿಗೆ ಬೀಜಗಣಿತ ಕಲಿಸಿದ್ದು ಅಂಥವರಲ್ಲಿ ಒಬ್ಬರು. ಐವತ್ತು ವರ್ಷದ ಮೇಲೂ ಅವರ ಹೆಸರು ಹೇಳಿ ಕಣ್ಣು ಒರೆಸಿಕೊಂಡರು. ನನಗೆ ಸಿಕ್ಕಿದ ಆ ನಮಸ್ಕಾರ ನನ್ನ ದುಡಿಮೆಯದಲ್ಲ, ಗುರುತೇ ಇಲ್ಲದ ಯಾರೋ ಮೇಷ್ಟ್ರು ಬಿಟ್ಟುಹೋದದ್ದು. ನಾಳೆ ಇನ್ಯಾವಳೋ ಹುಡುಗಿ ಆ ಕಡೆ ಹೋದರೆ ಅವಳಿಗೂ ಒಂದಿಷ್ಟು ಉಳಿದಿರಲಿ ಅಂತ ನನ್ನ ಆಸೆ.

ಪ್ರತಿ ವರ್ಷ ಸೆಪ್ಟೆಂಬರ್ 11ಕ್ಕೆ, ಅವರ ಲೆಕ್ಕದ ಅಧಿಕ ದಿನ ಬಂದ ವರ್ಷ 12ಕ್ಕೆ, ನಾನು ಬಾಹಿರ್ ದಾರ್‌ಗೆ ಫೋನು ಮಾಡುತ್ತೇನೆ. 2023ರ ಆಗಸ್ಟಿನಿಂದ ಆ ಸೀಮೆಯಲ್ಲಿ ಸರ್ಕಾರದ ಸೇನೆಗೂ ಫಾನೊ ಎಂಬ ಅಲ್ಲಿಯ ಸಶಸ್ತ್ರ ಪಡೆಗಳಿಗೂ ಕಾಳಗ. ಒಮ್ಮೊಮ್ಮೆ ದಿನಗಟ್ಟಲೆ ಸಂಪರ್ಕ ಸಿಗುವುದಿಲ್ಲ. ಆ ದಿನಗಳಲ್ಲಿ ನನಗೆ ಊಟ ಇಳಿಯುವುದಿಲ್ಲ. ಕೊನೆಗೆ ಸಿಕ್ಕಾಗ ಮನೆಯಾಕೆಗೆ ಕಿವಿ ಮಂದ, ನನ್ನ ಅಮ್ಹಾರಿಕ್ ಅರ್ಧ ಮರೆತಿದೆ. ಆರೋಗ್ಯವಾ, ಮಕ್ಕಳು ಆರೋಗ್ಯವಾ ಅಂತ ಕೂಗುತ್ತೇನೆ. ಆ ಕಡೆಯಿಂದ ಗಕ್ಕನೆ ಒಂದು ಉಸಿರು ಒಳಗೆಳೆದ ಸದ್ದು. ಅಷ್ಟು ಕೇಳಿದರೆ ನನಗೆ ಸಾಕು.

ಕತ್ತಲಾಗುತ್ತ ಬಂದಿತ್ತು. ಹುಡುಗಿ ಹೋಗುವ ಊರು ಜಿಂಜಾ. ವಿಕ್ಟೋರಿಯಾ ಸರೋವರದಿಂದ ಬಿಳಿ ನೈಲ್ ಹೊರಡುವ ಜಾಗ, 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟ ನೀರು. ನಾನಿದ್ದದ್ದು ನೀಲಿ ನೈಲ್ ಹುಟ್ಟುವಲ್ಲಿ. ಎರಡೂ ಹೋಗಿ ಖಾರ್ಟೂಮಿನಲ್ಲಿ ಸೇರುತ್ತವೆ, ನಮ್ಮ ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರುವ ಹಾಗೆ. ಇದನ್ನು ಹೇಳಿದಾಗ ಅವಳ ತಾಯಿಯ ಮುಖ ಮೊದಲ ಸಲ ಸ್ವಲ್ಪ ತಿಳಿಯಾಯಿತು. "ಹಂಗಾರೆ ಹೊಳೆ ದಂಡೆ ಊರೇ ಅನ್ನಿ" ಅಂದಳು. ನಾಲ್ಕು ಕೆಸುವಿನ ಎಲೆ ಅವಳಿಗೂ ಕೊಟ್ಟೆ. ಮಳೆ ಮತ್ತೆ ಹಿಡಿಯಿತು, ಎಲ್ಲರೂ ಒಳಗೆ ಓಡಿದೆವು.

ರಾತ್ರಿ ಮಲಗಿದ ಮೇಲೆ ನೆನಪಾಯಿತು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡಿದ್ದಾಳೋ ಇಲ್ಲವೋ ಕೇಳಲೇ ಇಲ್ಲ. ಉಗಾಂಡಾದವರು ಆ ಕಾರ್ಡು ನೋಡದೆ ಒಳಗೆ ಬಿಡುವುದಿಲ್ಲ, ವಾಪಸು ಬರುವಾಗ ನಮ್ಮವರೂ ಬಿಡುವುದಿಲ್ಲ. ಸರ್ಕಾರ ಗೊತ್ತು ಮಾಡಿದ ಕೆಲವೇ ಕೇಂದ್ರಗಳಲ್ಲಿ ಹಾಕುತ್ತಾರೆ, ಹಾಕಿಸಿಕೊಂಡು ಹತ್ತು ದಿನವಾದ ಮೇಲಷ್ಟೇ ಕಾರ್ಡು ಊರ್ಜಿತ. ಬೆಳಕು ಹರಿದ ಕೂಡಲೇ ಬೇಲಿಯ ಹತ್ತಿರ ಹೋಗಿ ಕೂಗಬೇಕು.